ಬಾಂಬೆರ್ಗ್‌ನಲ್ಲಿ ಹೊಗೆ ಬಿಯರ್, ಬಾವನ ಜೊತೆ

ಒಳ್ಳೆಯ ಬಿಯರ್ ಸಿಗುವ ಜಾಗ ಹುಡುಕಿಕೊಂಡು ವಾರಾಂತ್ಯಕ್ಕೆ ಎಲ್ಲಿಗೆ ಹೋಗಬಹುದು ಅಂತ ಯಾರಾದರೂ ಕೇಳಿದರೆ ನಾನು ಬಾಂಬೆರ್ಗ್ ಹೆಸರು ಹೇಳುತ್ತೇನೆ. ಜರ್ಮನಿಯ ಬವೇರಿಯಾ ರಾಜ್ಯದ ಉತ್ತರ ಭಾಗ, ಫ್ರಾಂಕೋನಿಯಾ ಸೀಮೆ. ಜನಸಂಖ್ಯೆ 80,000ದ ಆಸುಪಾಸು. ಆದರೂ ಊರೊಳಗೇ ಹತ್ತರ ಆಸುಪಾಸು ಬ್ರೂವರಿಗಳಿವೆ. ಅದರಲ್ಲಿ ಹಲವು ನೂರಾರು ವರ್ಷ ಹಳೆಯವು. ಬೇರೆ ಕಡೆ ಬಾರ್ ಬೇರೆ, ಬಿಯರ್ ಮಾಡುವ ಕಾರ್ಖಾನೆ ಬೇರೆ. ಇಲ್ಲಿ ಹಿತ್ತಲಲ್ಲಿ ಕಾಯಿಸಿದ್ದನ್ನು ಮುಂದಿನ ಕೋಣೆಯಲ್ಲಿ ಬಡಿಸುತ್ತಾರೆ. ಹಾಗಾಗಿ ಒಂದೇ ರಾತ್ರಿಯಲ್ಲಿ ಎಷ್ಟು ಬಾರ್ ಸುತ್ತಿದೆವು ಅನ್ನುವ ಲೆಕ್ಕ ಬಿಟ್ಟು, ಒಂದೊಂದು ಮನೆಯಲ್ಲಿ ನಿಧಾನವಾಗಿ ಕೂತು ಅಲ್ಲಿನ ಬಿಯರನ್ನು ಅಲ್ಲಿಯೇ ಕುಡಿಯಬೇಕು. ಈ ಊರಿನ ರುಚಿ ಸಿಗುವುದು ಹಾಗೆ ಮಾತ್ರ.

ನಾನು ಇರುವುದು ಎರ್ಲಾಂಗೆನ್‌ನಲ್ಲಿ. ಈ ಸಲ ಬೇಸಿಗೆಗೆ ಅಕ್ಕ, ಬಾವ ಮೂಡಿಗೆರೆಯಿಂದ ನಮ್ಮ ಮನೆಗೆ ಬಂದಿದ್ದರು. ಬಾವನದು ಕಾಫಿ ತೋಟ, ಜೊತೆಗೆ ಮೆಣಸು, ಸ್ವಲ್ಪ ಏಲಕ್ಕಿ. ಮಕ್ಕಳ ಜೊತೆ ಇರುತ್ತೇನೆ, ನೀವಿಬ್ಬರೂ ಹೋಗಿಬನ್ನಿ ಅಂತ ಅಕ್ಕನೇ ಕಳಿಸಿದಳು.

ಶುಕ್ರವಾರ

ಎರ್ಲಾಂಗೆನ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಹಾದಿ. ದೂರದಿಂದ ಬರುವವರಿಗೆ ಬವೇರಿಯಾ ಪೂರ್ತಿ ಓಡಾಡುವ ಬಾಯರ್ನ್ ಟಿಕೆಟ್ ಒಳ್ಳೆಯದು. ಐದು ಜನರವರೆಗೆ ಒಂದೇ ಟಿಕೆಟ್ ಸಾಕು. ವಾರದ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಒಂಬತ್ತರ ನಂತರವೇ ನಡೆಯುತ್ತದೆ. ನಮ್ಮ ರೈಲು ತಡವಾಗಿ ಬಂತು. ದಾರಿಯಲ್ಲಿ ಕಾರಣವಿಲ್ಲದೆ ನಿಂತಿತು. ಬಾಂಬೆರ್ಗ್ ತಲುಪುವಾಗ ಎಂಟು ಗಂಟೆ ಆಗಿತ್ತು. ಮೇ ಕೊನೆಯಾದ್ದರಿಂದ ಇನ್ನೂ ಬೆಳಕಿತ್ತು.

ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಓಬೆರೆ ಕೋನಿಗ್‌ಸ್ಟ್ರಾಸೆ ಅನ್ನುವ ಬೀದಿ. ಅಲ್ಲಿ ಎರಡು ಬ್ರೂವರಿಗಳು ಎದುರುಬದುರಾಗಿವೆ. ಒಂದು ಶ್ಪೆಟ್ಸಿಯಾಲ್, 1536ರದು. ಇನ್ನೊಂದು ಫೆಸ್ಲಾ, 1649ರದು. ಎರಡರಲ್ಲೂ ಉಳಿಯಲು ಕೋಣೆ ಸಿಗುತ್ತದೆ. ನಾವು ಫೆಸ್ಲಾದಲ್ಲಿ ಹಿಡಿದಿದ್ದೆವು. ಇದು ಎಲ್ಲರಿಗೂ ಹೇಳುವ ಮಾತು: ಬಿಯರ್ ಊರಿಗೆ ಬಂದಾಗ ಕಾರು ಬೇಡ, ಬಿಯರ್ ಮಾಡುವ ಮನೆಯ ಮೇಲೆಯೇ ಮಲಗಿ. ಕೋಣೆ ಸಾಧಾರಣ, ಮಂಚ ಗಟ್ಟಿ, ಬೆಳಗಿನ ತಿಂಡಿ ಚೆನ್ನಾಗಿರುತ್ತದೆ.

ಫೆಸ್ಲಾ ಬಾಗಿಲು ದಾಟಿದರೆ ಮೊದಲು ಸಿಗುವುದು ಒಂದು ಹಜಾರ. ಊರಿನವರು ಅಲ್ಲೇ ನಿಂತು ಕುಡಿಯುತ್ತಾರೆ. ಗೋಡೆಯಲ್ಲಿ ಒಂದು ಕಿಟಕಿ, ಅದರಿಂದ ಗ್ಲಾಸು ಬರುತ್ತದೆ. ಒಳಗೆ ಕೂತು ಊಟ ಮಾಡುವ ಕೋಣೆಗಳಿವೆ. ಆದರೆ ಊರಿನ ಮಾತು ಕೇಳಬೇಕು ಅಂದರೆ ಹಜಾರದಲ್ಲೇ ನಿಲ್ಲಬೇಕು. ನಾವು ಲಾಗರ್ ತೆಗೆದುಕೊಂಡೆವು. ಅರ್ಧ ಲೀಟರಿನ ಗ್ಲಾಸಿಗೆ ಇಲ್ಲಿ ಸೈಡ್ಲಾ ಅನ್ನುತ್ತಾರೆ. ಬಾವ ಬೆಲೆ ಕೇಳಿ ಲೆಕ್ಕ ಹಾಕಿದರು.

"ಬೆಂಗಳೂರಲ್ಲಿ ಮಗನ ಜೊತೆ ಹೋದಾಗ ಇದಕ್ಕಿಂತ ಜಾಸ್ತಿ ಕೊಟ್ಟಿದ್ದೆ ಮಾರಾಯ."

ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ಎಲ್ಲಿಂದ ಬಂದಿರಿ ಅಂತ ಕೇಳಿದರು. ಅವರ ಫ್ರಾಂಕೋನಿಯನ್ ಮಾತು ನನಗೆ ಅರ್ಧ ಹಿಡಿಯಲಿಲ್ಲ. ಅವರು ಬೇಸರಪಡದೆ ಮತ್ತೆ ನಿಧಾನವಾಗಿ ಹೇಳಿದರು. ಬಾವ ಬೀದಿಯ ಕಡೆ ಕೈ ತೋರಿಸಿ ಎದುರಿನ ಅಂಗಡಿ ಹೇಗೆ ಅಂತ ಕೇಳಿಸಿದರು. "ಅಲ್ಲಿಗೂ ಹೋಗುತ್ತೇನೆ. ಇಲ್ಲಿ ಒಂದು, ಅಲ್ಲಿ ಒಂದು. ಆಮೇಲೆ ಮನೆ," ಅಂದರು. ಇನ್ನೊಂದು ಮಾತೂ ಹೇಳಿದರು. ಇಲ್ಲಿ 8.5 ಶೇಕಡಾ ಆಲ್ಕೋಹಾಲ್ ಇರುವ ಬಾಂಬೆರ್ಗಾಟರ್ ಅನ್ನುವ ಬಿಯರ್ ಇದೆ, ಅದನ್ನು ಮಲಗುವ ಮೊದಲಷ್ಟೇ ಮುಟ್ಟಿ, ನಡುವೆ ಬೇಡ. ಈ ಮಾತನ್ನು ನಾವು ಪಾಲಿಸಿದೆವು.

ಅವರು ಹೇಳಿದಂತೆಯೇ ರಸ್ತೆ ದಾಟಿ ಶ್ಪೆಟ್ಸಿಯಾಲ್‌ಗೆ ಹೋದೆವು. ಹಳೆಯ ಮರದ ಹಲಗೆಯ ಗೋಡೆ, ಉದ್ದ ಮೇಜು. ಜಾಗ ಇದ್ದ ಕಡೆ ಅಪರಿಚಿತರ ಪಕ್ಕ ಕೂರುವುದು ಇಲ್ಲಿನ ರೂಢಿ. ಖಾಲಿ ಇದೆಯಾ ಅಂತ ಒಂದು ಮಾತು ಕೇಳಿದರೆ ಸಾಕು. ಇಲ್ಲಿನ ವಿಶೇಷ ಹೊಗೆ ಬಿಯರ್, ರೌಖ್‌ಬಿಯರ್. ಬಣ್ಣ ತಾಮ್ರದ್ದು. ಹೊಗೆಯ ರುಚಿ ಮೊದಲ ಗುಟುಕಿನಲ್ಲಿ ಕಾಣುವುದಿಲ್ಲ, ನುಂಗಿದ ಮೇಲೆ ಬರುತ್ತದೆ. ಹೊಸಬರು ಇದರಿಂದಲೇ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ. ಇದು ಮೆತ್ತಗೆ ದಾರಿ ತೋರಿಸುತ್ತದೆ, ನಾಳೆ ಬರುವುದು ಜೋರಾದದ್ದು.

ಶನಿವಾರ

ಬೆಳಿಗ್ಗೆ ತಿಂಡಿಗೆ ಹೋರ್ನ್‌ಲಾ, ಅಂದರೆ ಬೆಣ್ಣೆ ಹಾಕಿ ಮಾಡಿದ ಕೊಂಬಿನ ಆಕಾರದ ಬ್ರೆಡ್ಡು. ಕಾಫಿ ಬಗ್ಗೆ ಬಾವ ಏನೂ ಹೇಳಲಿಲ್ಲ. ಅರ್ಧ ಕಪ್ ಉಳಿಸಿ ಎದ್ದರು.

ಗ್ರುನರ್ ಮಾರ್ಕ್ಟ್‌ನಲ್ಲಿ ತರಕಾರಿ ಸಂತೆ. ಬಾಂಬೆರ್ಗ್‌ಗೆ ಈ ತರಕಾರಿ ಬಹಳ ಮುಖ್ಯ. ಊರಿನ ಒಂದು ಭಾಗವೇ ತೋಟಗಾರರದು. ಮನೆಗಳ ಹಿಂದೆ ಉದ್ದುದ್ದ ತರಕಾರಿ ಹೊಲಗಳಿವೆ. 1993ರಲ್ಲಿ ಯುನೆಸ್ಕೋ ಹಳೆಯ ಊರನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಈ ತೋಟಗಳ ಭಾಗವೂ ಅದರಲ್ಲಿ ಬಂತು. ಬಾವ ಈರುಳ್ಳಿ, ಮೂಲಂಗಿ ಎಲ್ಲ ಕೈಯಲ್ಲಿ ಹಿಡಿದು ನೋಡಿದರು. ಬಿಳಿ ಆಸ್ಪರಾಗಸ್ ರಾಶಿ ಬಿದ್ದಿತ್ತು.

ಅಲ್ಲಿಂದ ನದಿಯ ಕಡೆ. ರೆಗ್ನಿಟ್ಜ್ ನದಿಯ ನಡುವೆ ಸೇತುವೆಯ ಮೇಲೆ ನಿಂತಿರುವ ಹಳೆಯ ಪುರಭವನ ಈ ಊರಿನ ಗುರುತು. ಬಿಷಪ್ ಜಾಗ ಕೊಡಲಿಲ್ಲ ಅಂತ ಜನರು ನದಿಯಲ್ಲೇ ಕಂಬ ನೆಟ್ಟು ಕಟ್ಟಿದರು ಅನ್ನುವುದು ಕತೆ. ಗೋಡೆಯ ಚಿತ್ರದಲ್ಲಿರುವ ಪುಟ್ಟ ದೇವದೂತನ ಒಂದು ಕಾಲು ಮಾತ್ರ ನಿಜವಾಗಿಯೂ ಗೋಡೆಯಿಂದ ಹೊರಗೆ ಚಾಚಿದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಹುಡುಕಲು ಹೇಳಿ.

ಸೇತುವೆ ದಾಟಿ ಬಲಕ್ಕೆ ತಿರುಗಿದರೆ ಡೊಮಿನಿಕಾನರ್‌ಸ್ಟ್ರಾಸೆ. ಅಲ್ಲಿದೆ ಶ್ಲೆಂಕೆರ್ಲಾ. ಈ ಮನೆಯ ಹೆಸರು ದಾಖಲೆಯಲ್ಲಿ ಮೊದಲು ಸಿಗುವುದು 1405ರಲ್ಲಿ. ಮಧ್ಯಾಹ್ನ ಒಂದು ಗಂಟೆ ಮೇಲೆ ಹೋದರೆ ಕೂರಲು ಜಾಗ ಸಿಗುವುದು ಕಷ್ಟ. ಹನ್ನೊಂದಕ್ಕೇ ಹೋಗಿ. ನಾವು ಹಾಗೆ ಹೋದದ್ದರಿಂದ ಕಪ್ಪು ಮರದ ತೊಲೆಗಳ ಹಳೆಯ ಕೋಣೆಯಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಬಾಗಿಲ ಬಳಿ ಮರದ ಪೀಪಾಯಿ ಇಟ್ಟಿರುತ್ತಾರೆ. ಗ್ಯಾಸ್ ಒತ್ತಡವಿಲ್ಲದೆ, ನಲ್ಲಿ ತಿರುಗಿಸಿದರೆ ಬಿಯರ್ ತನ್ನ ಭಾರಕ್ಕೇ ಇಳಿಯುತ್ತದೆ. ಅದಕ್ಕೆ ನೊರೆ ಮೃದು, ಹೊಟ್ಟೆ ಉಬ್ಬುವುದಿಲ್ಲ.

ಮಾರ್ಟ್‌ಸನ್ ಬಂತು, ಈ ಮನೆಯ ಹೊಗೆ ಬಿಯರ್. ಕಾಫಿ ಕಷಾಯದ ಬಣ್ಣ, 5.1 ಶೇಕಡಾ. ಬಾವ ಗ್ಲಾಸನ್ನು ಮೂಗಿನ ಹತ್ತಿರ ತಂದು ಹಾಗೆಯೇ ಹಿಡಿದುಕೊಂಡರು.

"ಇದು ಏಲಕ್ಕಿ ಒಣಗಿಸುವ ಮನೆ ವಾಸನೆ ಮಾರಾಯ! ಒಳಗೆ ಸೌದೆ ಹಾಕಿ, ಬೆಳಿಗ್ಗೆ ಕದ ತೆಗೆದಾಗ ಬರುತ್ತಲ್ಲ, ಅದೇ."

ಬಾವ ಹೇಳಿದ್ದು ಸರಿ. ನಡೆಯುವ ಕೆಲಸವೂ ಅದೇ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆ ಬಂದ ಕಾಳನ್ನು ಒಣಗಿಸಿದರೆ ಮಾಲ್ಟ್. ಇಲ್ಲಿ ಒಣಗಿಸುವುದು ಬೀಚ್ ಮರದ ಸೌದೆ ಬೆಂಕಿಯ ಮೇಲೆ. ಹೊಗೆ ಕಾಳಿನ ನಡುವೆ ಹಾದು ಹೋಗುತ್ತದೆ. ಹಳೆಯ ಕಾಲದಲ್ಲಿ ಹೆಚ್ಚಿನ ಕಡೆ ಮಾಲ್ಟ್ ಒಣಗುತ್ತಿದ್ದದ್ದು ಬೆಂಕಿಯ ಮೇಲೆಯೇ. ಆಗ ಬಿಯರಿನಲ್ಲಿ ಸ್ವಲ್ಪ ಹೊಗೆ ಇರುವುದು ಮಾಮೂಲು. ಆಮೇಲೆ ಹೊಗೆ ತಾಗಿಸದೆ ಬರೀ ಬಿಸಿ ಗಾಳಿಯಲ್ಲಿ ಒಣಗಿಸುವ ಗೂಡುಗಳು ಬಂದವು. ಕೆಲಸ ಸುಲಭ, ಖರ್ಚು ಕಡಿಮೆ. ಊರೂರುಗಳು ಹಳೆಯದನ್ನು ಬಿಟ್ಟವು. ಈ ಊರಿನಲ್ಲಿ ಶ್ಲೆಂಕೆರ್ಲಾ ಮತ್ತು ಶ್ಪೆಟ್ಸಿಯಾಲ್ ಬಿಡಲಿಲ್ಲ. ಇಬ್ಬರೂ ಇವತ್ತಿಗೂ ತಮ್ಮ ಮಾಲ್ಟನ್ನು ತಾವೇ ಒಣಗಿಸಿಕೊಳ್ಳುತ್ತಾರೆ.

"ತೊಳೆದು ಒಣಗಿಸಿದ ಕಾಫಿ ಬೀಜಕ್ಕೆ, ಪಾರ್ಚ್‌ಮೆಂಟಿಗೆ, ಹೊಗೆ ತಾಗಿದರೆ ನಮಗೆ ಬೆಲೆಯೇ ಇಲ್ಲ," ಅಂದರು ಬಾವ. "ಸಿಪ್ಪೆ ತೆಗೆಯುವ ಕ್ಯೂರಿಂಗ್ ಕಾರ್ಖಾನೆಗೆ ಕಳಿಸಿದರೆ ವಾಪಸ್. ಇವರು ಅದನ್ನೇ ಇಟ್ಟುಕೊಂಡು ಬಾಳಿದ್ದಾರೆ ನೋಡು."

"ಹಿಡಿಸಿತಾ ಬಾವ?"

"ಇನ್ನೂ ಗೊತ್ತಿಲ್ಲ. ಇನ್ನೊಂದು ಕುಡಿದು ಹೇಳ್ತೀನಿ."

ಊರಿನವರೂ ಹೀಗೇ ಹೇಳುತ್ತಾರೆ. ಮೊದಲನೆಯದರಲ್ಲಿ ಹೊಗೆ ಮಾತ್ರ, ಎರಡನೆಯದರಲ್ಲಿ ಮಾಲ್ಟಿನ ಸಿಹಿ, ಮೂರನೆಯದರಲ್ಲಿ ರುಚಿ ಹಿಡಿಯುತ್ತದೆ ಅಂತ. ನನ್ನ ಅನುಭವದಲ್ಲಿ ಇದು ನಿಜ. ಮೊದಲ ಗುಟುಕಿಗೇ ಮುಖ ಸಿಂಡರಿಸಿ ಗ್ಲಾಸು ಬಿಟ್ಟು ಹೋಗುವ ಪ್ರವಾಸಿಗರನ್ನು ನೋಡಿದರೆ ಬೇಸರವಾಗುತ್ತದೆ. ಜೊತೆಗೆ ಏನಾದರೂ ತಿನ್ನಬೇಕು. ಬಾವ ಬಾಂಬೆರ್ಗರ್ ಟ್ಸ್ವೀಬೆಲ್ ತರಿಸಿದರು. ದೊಡ್ಡ ಈರುಳ್ಳಿಯ ಒಳಗೆ ಕೊಚ್ಚಿದ ಮಾಂಸ ತುಂಬಿ ಬೇಯಿಸಿ, ಮೇಲೆ ಬಿಯರ್ ಸಾರು ಹಾಕಿರುತ್ತಾರೆ. ಪಟ್ಟಿಯಲ್ಲಿ ಈರುಳ್ಳಿ ಅಂತಷ್ಟೇ ಓದಿ ಸಸ್ಯಾಹಾರಿಗಳು ತರಿಸಬೇಡಿ. ಅವರಿಗೆ ಚೀಸ್, ಬೆಣ್ಣೆ, ಈರುಳ್ಳಿ ಕಲಸಿ ಮಾಡುವ ಗೆರುಪ್‌ಟರ್ ಮತ್ತು ಬ್ರೆಡ್ಡು ಒಳ್ಳೆಯದು. ಕೈಯಲ್ಲಿ ನೋಟು, ಚಿಲ್ಲರೆ ಇರಲಿ. ಇಂಥ ಹಳೆಯ ಮನೆಗಳಲ್ಲಿ ಕಾರ್ಡ್ ನಂಬಿಕೊಂಡು ಹೋಗುವುದು ಬೇಡ.

ಇಲ್ಲಿ ಇನ್ನೊಂದು ಕುತೂಹಲದ ವಿಷಯವಿದೆ. ಶ್ಲೆಂಕೆರ್ಲಾ ಹೆಲ್ಲೆಸ್ ಅನ್ನುವ ತಿಳಿ ಬಿಯರಿಗೆ ಹೊಗೆ ಮಾಲ್ಟ್ ಹಾಕುವುದೇ ಇಲ್ಲ. ಆದರೂ ಹೊಗೆ ಬರುತ್ತದೆ. ಅದೇ ತಾಮ್ರದ ಹಂಡೆಯಲ್ಲಿ ಕಾಯಿಸಿ, ಹೊಗೆ ಬಿಯರನ್ನು ಹುದುಗಿಸಿದ ಯೀಸ್ಟನ್ನೇ ಇದಕ್ಕೂ ಹಾಕುತ್ತಾರೆ, ಅದಕ್ಕೆ. ಬಾವನಿಗೆ ಈ ವಿಷಯ ಬಹಳ ಹಿಡಿಸಿತು. ಮತ್ತೆ ಮತ್ತೆ ಕೇಳಿ ತಿಳಿದುಕೊಂಡರು.

ಎರಡನೆಯ ಗ್ಲಾಸು ಮುಗಿಸಿ ಬಾವ ಹೇಳಿದರು: "ಹ್ಞೂಂ. ಈಗ ಹಿಡಿಸಿತು."

ಮಧ್ಯಾಹ್ನ ಗುಡ್ಡ ಹತ್ತಿ ಕತೀಡ್ರಲ್ ನೋಡಿದೆವು. ನಾಲ್ಕು ಗೋಪುರ, ಒಳಗೆ ಕಲ್ಲಿನ ಕುದುರೆ ಸವಾರ, ಎರಡನೆಯ ಹೈನ್‌ರಿಖ್ ಚಕ್ರವರ್ತಿ ಮತ್ತು ರಾಣಿ ಕುನಿಗುಂಡೆಯ ಸಮಾಧಿ. ತಂಪಾಗಿತ್ತು. ಬಾವ ಬೆಂಚಿನ ಮೇಲೆ ಕೂತು ಸ್ವಲ್ಪ ನಿದ್ದೆ ತೆಗೆದರು.

ಸಂಜೆಗೆ ಶ್ಪೆಟ್ಸಿಯಾಲ್ ಕೆಲ್ಲರ್. ನಿನ್ನೆ ಹೋದ ಮನೆಯದೇ ಬೇಸಿಗೆ ತೋಟ, ಸ್ಟೆಫಾನ್ಸ್‌ಬೆರ್ಗ್ ಗುಡ್ಡದ ಮೇಲೆ. ಪಕ್ಕದಲ್ಲೇ ನಮ್ಮ ಎರ್ಲಾಂಗೆನ್ ವಿಶ್ವವಿದ್ಯಾಲಯದ ಖಗೋಳ ವೀಕ್ಷಣಾಲಯ ಇದೆ. ಏರು ಕಡಿದು, ಕಲ್ಲು ಹಾಸಿದ ರಸ್ತೆ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಫ್ರಿಜ್ ಇಲ್ಲದ ಕಾಲದಲ್ಲಿ ಗುಡ್ಡದ ಮರಳುಗಲ್ಲು ಕೊರೆದು ನೆಲಮಾಳಿಗೆ ಮಾಡಿ, ಚಳಿಗಾಲದಲ್ಲಿ ಕಾಯಿಸಿದ ಬಿಯರನ್ನು ಬೇಸಿಗೆಗೆ ಅಲ್ಲಿ ಇಡುತ್ತಿದ್ದರು. ಒಳಗೆ ತಂಪು ಉಳಿಯಲಿ ಅಂತ ಮೇಲೆ ಚೆಸ್ಟ್‌ನಟ್, ಲಿಂಡನ್ ಮರ ನೆಟ್ಟರು. ಆ ನೆರಳಿಗೆ ಬೆಂಚು ಬಂದವು, ಜನ ಬಂದರು. ಇವತ್ತಿಗೂ ಇಲ್ಲಿ ಕೂತರೆ ಕೆಳಗೆ ಇಡೀ ಊರು, ಎದುರು ಗುಡ್ಡದ ಮೇಲೆ ಕತೀಡ್ರಲ್. ಈ ಊರಿನಲ್ಲಿ ಒಂದೇ ಸಂಜೆ ಇದೆ ಅನ್ನುವವರಿಗೆ ನಾನು ಇಲ್ಲಿಗೇ ಕಳಿಸುತ್ತೇನೆ.

ನಾವು ಗ್ಲಾಸು ಹಿಡಿದು ಕೂತು ಹತ್ತು ನಿಮಿಷ ಆಗಿರಬಹುದು, ಮಳೆ ಬಂತು. ಮೊದಲು ಹನಿ, ಆಮೇಲೆ ಜೋರು. ಎಲ್ಲರೂ ತಟ್ಟೆ, ಗ್ಲಾಸು ಎತ್ತಿಕೊಂಡು ಓಡಿದರು. ನಮ್ಮ ಬ್ರೆಡ್ಡು ನೆನೆದು ಮುದ್ದೆಯಾಯಿತು. ದೊಡ್ಡ ಚೆಸ್ಟ್‌ನಟ್ ಮರದ ಬುಡಕ್ಕೆ ಸೇರಿದೆವು. ಅಲ್ಲಿ ಇನ್ನೊಂದು ಸಂಸಾರ ಇತ್ತು: ಗಂಡ, ಹೆಂಡತಿ, ಹೆಂಡತಿಯ ತಾಯಿ. ಗಂಡ ತೋಟಗಾರ, ಅವರ ಮನೆಯಲ್ಲಿ ತಲೆತಲಾಂತರದಿಂದ ತರಕಾರಿ ಬೆಳೆಯುತ್ತಾರಂತೆ. ಆತ ಆಕಾಶ ನೋಡಿ ಖುಷಿಯಿಂದ ಏನೋ ಹೇಳಿದ. ಈ ಮಳೆ ಈಗ ಬೇಕಿತ್ತು, ಮೂರು ವಾರ ಒಣಗಿತ್ತು ಅಂತ.

ನಾನು ಅದನ್ನು ಬಾವನಿಗೆ ಹೇಳಿದ್ದೇ ತಡ, ಅಲ್ಲಿಂದ ಮುಂದೆ ನನಗೆ ಬಿಡುವಿರಲಿಲ್ಲ. ಬಾವ ಕಾಫಿಯ ಹೂ ಮಳೆ ಬಗ್ಗೆ ಶುರು ಮಾಡಿದರು. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಹದ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಹೂ ಮಳೆ ಬಂದು, ಅದರ ಹಿಂದೆಯೇ ಬರಬೇಕಾದ ಇನ್ನೊಂದು ಮಳೆ ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ಫೋನಿನಲ್ಲಿ ಹೂವಿನ ಫೋಟೋ ತೋರಿಸಿದರು. ತಾಯಿ ಕನ್ನಡಕ ಹಾಕಿಕೊಂಡು ನೋಡಿದರು. ಕಾಫಿಗೆ ಇಂಥ ಬಿಳಿ ಹೂ ಇರುತ್ತದಾ ಅಂತ ಎರಡು ಸಲ ಕೇಳಿದರು. ಪರಿಮಳ ಹೇಗಿರುತ್ತದೆ ಅಂತ ಕೇಳಿದರು. ಮಲ್ಲಿಗೆಯದು ಅಂದೆ.

ತೋಟಗಾರ ತನ್ನ ಕಷ್ಟ ಹೇಳಿದ. ಆಸ್ಪರಾಗಸ್ ಜೂನ್ 24ರವರೆಗೆ ಮಾತ್ರ ಕೊಯ್ಯುತ್ತಾರೆ. ಆಮೇಲೆ ಗಿಡ ಬೆಳೆಯಲು ಬಿಡಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಬರುವುದಿಲ್ಲ. ಕೆಲಸದವರು ಸಿಗುವುದಿಲ್ಲ. ಸಿಕ್ಕವರು ದೂರದ ದೇಶಗಳಿಂದ ಬರಬೇಕು. ಬಾವ ತಲೆ ಆಡಿಸಿದರು. "ನಮಗೂ ಅಷ್ಟೇ ಅಂತ ಹೇಳು. ಕೊಯ್ಲಿಗೆ ಅಸ್ಸಾಂನಿಂದ ಬರ್ತಾರೆ ಅಂತ ಹೇಳು."

ಮಳೆ ನಿಂತರೂ ಯಾರೂ ಏಳಲಿಲ್ಲ. ಆತ ಎಲ್ಲರಿಗೂ ಒಂದೊಂದು ಸೈಡ್ಲಾ ತಂದ. ನಾವು ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬಾವ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು ಆ ತಾಯಿಯ ಕೈಗೆ ಹಾಕಿದರು, ತೋಟದ ಏಲಕ್ಕಿ. ಅವರು ಅಲ್ಲೇ ಒಂದು ಬಿಡಿಸಿ ಬಾಯಿಗೆ ಹಾಕಿಕೊಂಡರು.

ಭಾನುವಾರ

ಬೆಳಿಗ್ಗೆ ಇಡೀ ಊರಿಗೆ ಚರ್ಚಿನ ಗಂಟೆ. ಅಂಗಡಿ ಎಲ್ಲ ಮುಚ್ಚಿರುತ್ತವೆ. ನೀರು, ಹಣ್ಣು ಬೇಕಿದ್ದರೆ ಶನಿವಾರವೇ ತಂದಿಟ್ಟುಕೊಳ್ಳಬೇಕು. ಬ್ರೂವರಿಗಳಿಗೂ ಒಂದೊಂದಕ್ಕೆ ಒಂದೊಂದು ದಿನ ರಜೆ, ಕೆಲವು ಮಧ್ಯಾಹ್ನವೇ ಕದ ಹಾಕುತ್ತವೆ. ಹೊರಡುವ ಮೊದಲು ನೋಡಿಕೊಳ್ಳಿ.

ಸ್ಟೇಷನ್ ಹತ್ತಿರ ವೈಯರ್‌ಮಾನ್ ಮಾಲ್ಟ್ ಕಾರ್ಖಾನೆ ಇದೆ, 1879ರದು. ಕೆಂಪು, ಹಳದಿ ಇಟ್ಟಿಗೆಯ ಗೋಪುರಗಳು. ಹೊರಗಿನಿಂದ ನೋಡಲೆಂದೇ ಸುತ್ತು ಹಾಕಿದೆವು. ಪ್ರಪಂಚದ ಎಷ್ಟೋ ಸಣ್ಣ ಬ್ರೂವರಿಗಳಿಗೆ ವಿಶೇಷ ಮಾಲ್ಟ್ ಹೋಗುವುದು ಇಲ್ಲಿಂದ. ಬೀಚ್ ಹೊಗೆಯ ಮಾಲ್ಟನ್ನೂ ಮಾಡಿ ಮಾರುತ್ತಾರೆ. ನಮ್ಮ ಇಂದಿರಾನಗರ, ವೈಟ್‌ಫೀಲ್ಡ್ ಕಡೆಯ ಬ್ರೂಪಬ್‌ಗಳಲ್ಲೂ ಜರ್ಮನ್ ಮಾಲ್ಟ್ ಬಳಸುವವರಿದ್ದಾರೆ. ಬಾವ ಗೋಡೆ ಪಕ್ಕ ನಿಂತು ಉಸಿರು ಎಳೆದು, ಹುರಿದ ಕಾಳಿನ ವಾಸನೆ ಬರುತ್ತಿದೆ ಅಂದರು.

ಮಧ್ಯಾಹ್ನಕ್ಕೆ ವುಂಡರ್‌ಬುರ್ಗ್ ಬಡಾವಣೆಗೆ ನಡೆದೆವು. ಹಳೆಯ ಊರಿನಿಂದ ಅರ್ಧ ಗಂಟೆ ಬೇಕು. ಪ್ರವಾಸಿಗರು ಇಲ್ಲಿಯವರೆಗೆ ಬರುವುದು ಕಡಿಮೆ. ಇಲ್ಲೂ ಎರಡು ಬ್ರೂವರಿ ಎದುರುಬದುರು: ಮಾರ್ಸ್ ಬ್ರೊಯ್, 1670ರದು, ಮತ್ತು ಕೇಸ್‌ಮಾನ್, 1867ರದು. ಕೇಸ್‌ಮಾನ್‌ನ ಪಿಲ್ಸ್ ಅನ್ನುವ ತಿಳಿ ಬಿಯರನ್ನು ಬಾವನಿಗೆ ಕುಡಿಸಬೇಕು ಅಂತ ನನಗೆ ಬಹಳ ಆಸೆಯಿತ್ತು. ಸ್ವಚ್ಛವಾದ ಕಹಿ, ಹೊಗೆ ಬಿಯರ್ ಆದ ಮೇಲೆ ನಾಲಿಗೆ ತೊಳೆಯುತ್ತದೆ. ಆದರೆ ಅವತ್ತು ಕದ ಹಾಕಿತ್ತು.

ಮಾರ್ಸ್‌ನಲ್ಲಿ ಮರದ ಕೆಳಗೆ ಜಾಗ ಸಿಕ್ಕಿತು. ಇಲ್ಲಿ ಕೇಳಬೇಕಾದ್ದು "ಉ". ಒಂದು ಅಕ್ಷರ ಸಾಕು, ಅರ್ಥವಾಗುತ್ತದೆ. ಪೀಪಾಯಿಯ ಬಿರಡೆ ಬಿಗಿಯದೆ ಹದಕ್ಕೆ ಬಿಟ್ಟ, ಸೋಸದ ಬಿಯರ್ ಅದು. ಗ್ಯಾಸು ಕಡಿಮೆ, ಬಣ್ಣ ಅಂಬರ್, ಸ್ವಲ್ಪ ಮಬ್ಬು. ಊಟದ ಜೊತೆ ಇದಕ್ಕಿಂತ ಒಳ್ಳೆಯ ಬಿಯರ್ ಈ ಊರಿನಲ್ಲಿ ನನಗೆ ಸಿಕ್ಕಿಲ್ಲ. ಹೊಗೆ ಬಿಯರಿಗೆ ಊರಿಗೆ ಬಂದವರು ಇದನ್ನು ಬಿಟ್ಟು ಹೋಗುತ್ತಾರೆ, ಬಿಡಬಾರದು.

ಭಾನುವಾರ ಅಂದರೆ ಫ್ರಾಂಕೋನಿಯಾದಲ್ಲಿ ಶೊಯ್ಫರ್ಲಾ. ಹಂದಿಯ ಭುಜದ ಮಾಂಸ, ಎಲುಬಿನ ಸಮೇತ ಗಂಟೆಗಟ್ಟಲೆ ಒಲೆಯಲ್ಲಿಟ್ಟು, ಮೇಲಿನ ಚರ್ಮ ಗರಿಗರಿ ಆಗುವವರೆಗೆ ಬೇಯಿಸಿದ್ದು. ಜೊತೆಗೆ ಆಲೂಗಡ್ಡೆಯ ದೊಡ್ಡ ಉಂಡೆ, ಸಾರು. ಬಾವ ಮಾತಾಡದೆ ತಿಂದರು. ಎಲುಬು ಒಂದು ಕಡೆ ಇಟ್ಟು ಕೇಳಿದರು:

"ಖಾರ ಇಲ್ಲ, ಆದರೂ ಎಷ್ಟು ಚೆನ್ನಾಗಿದೆ ಅಲ್ವಾ? ಆ ಉಂಡೆ ಬದಲು ಕಡುಬು ಇದ್ದಿದ್ದರೆ ನಿನ್ನ ಅಕ್ಕನನ್ನೂ ಕರೆದುಕೊಂಡು ಬಂದು ಇಲ್ಲೇ ಇದ್ದುಬಿಡುತ್ತಿದ್ದೆ."

ನಮಗೆ ಬಡಿಸಿದ ಹೆಂಗಸು ಗ್ಲಾಸಿನ ಕೆಳಗಿಡುವ ಬಿಯರ್ ಅಟ್ಟೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿ ಲೆಕ್ಕ ಇಟ್ಟಿದ್ದರು. ಬಾವ ಅದನ್ನು ಕೇಳಿ ಇಸಿದುಕೊಂಡರು.

ಊಟದ ಮೇಲೆ ಸ್ಟೇಷನ್ನಿಗೆ. ಹೊಗೆ ಬಿಯರಿನ ಬಾಟಲಿಗಳನ್ನು ಶನಿವಾರವೇ ಕೊಂಡಿದ್ದೆವು. ಅರ್ಧ ಲೀಟರಿನ ಬಾಟಲಿಗೆ 8 ಸೆಂಟ್ ಠೇವಣಿ, ಖಾಲಿ ಮಾಡಿ ಯಾವುದೇ ದೊಡ್ಡ ಅಂಗಡಿಗೆ ಕೊಟ್ಟರೆ ವಾಪಸ್ ಸಿಗುತ್ತದೆ. ಮೂಡಿಗೆರೆಗೆ ಒಯ್ಯುವುದನ್ನು ಬಾವ ತಮ್ಮ ಸ್ವೆಟರಿನಲ್ಲಿ ಸುತ್ತಿಟ್ಟರು.

ರೈಲಿನಲ್ಲಿ ಅವರಿಗೆ ಇನ್ನೊಂದು ವಿಷಯ ಹೇಳಿದೆ. ಶ್ಲೆಂಕೆರ್ಲಾದಲ್ಲಿ ಅಕ್ಟೋಬರ್ ಬಂದರೆ ಉರ್‌ಬಾಕ್ ಅನ್ನುವ ಇನ್ನೂ ಗಟ್ಟಿಯಾದ ಹೊಗೆ ಬಿಯರ್ ತೆರೆಯುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಓಕ್ ಸೌದೆಯಲ್ಲಿ ಒಣಗಿಸಿದ ಮಾಲ್ಟಿನ ಡಬಲ್ ಬಾಕ್ ಅನ್ನುವ ಅದಕ್ಕಿಂತ ಗಟ್ಟಿಯಾದ ಬಿಯರ್ ಬರುತ್ತದೆ, 8 ಶೇಕಡಾ. ಸೌದೆ ಬದಲಾದರೆ ರುಚಿ ಎಷ್ಟು ಬದಲಾಗುತ್ತದೆ ಅಂತ ಬಾವ ಕೇಳಿದರು. ಓಕ್‌ನ ಹೊಗೆ ಮೃದು ಅಂದೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾದರೆ ಮತ್ತೆ ತೋಟ ಬಿಟ್ಟು ಅಲುಗಾಡುವ ಹಾಗಿಲ್ಲ. ಹಾಗಾಗಿ ಉರ್‌ಬಾಕ್ ಸಮಯಕ್ಕೇ ಬರೋಣ, ಅಕ್ಕನಿಗೆ ನೀನೇ ಹೇಳು ಅಂತ ಬಾವ ಆ ಕೆಲಸ ನನಗೆ ಒಪ್ಪಿಸಿದರು.